ಕೊಸರು

ಸೂರ್ ಪಟ್ಟಣದ ಕೈಗಾರಿಕಾ ವಲಯ, ಹದಿನಾಲ್ಕನೇ ಶೆಡ್ಡು.
ಹೊರಗೆ ಕಾದ ಕಾವಲಿ. ಒಳಗೆ ನಾವು ಐಸು ಮಾಡುತ್ತೇವೆ.
ನಾನು ಮಾಡುವುದಿಲ್ಲ. ನಾನು ಅದರ ನಕ್ಷೆ ಬರೆಯುತ್ತೇನೆ.

ನಕ್ಷೆ ಎಂದರೆ ಊರಿನದಲ್ಲ, ಕಡಲಿನದೂ ಅಲ್ಲ.
ನಾಲ್ಕು ಮಹಡಿಯ ಮನೆ, ಮೆಟ್ಟಿಲ ಬದಲು ಬಾಣ.
ತಳದಲ್ಲಿ ಕಲಿಕೆ, ಅದರ ಮೇಲೆ ಕೆಲಸ,
ಅದರ ಮೇಲೆ ಗಿರಾಕಿ, ತಾರಸಿಯಲ್ಲಿ ಕಾಲು ಚಾಚಿದ ರಿಯಾಲು.
ಹುಡುಗನಿಗೆ ಕಂಪ್ರೆಸರ್ ಕಲಿಸಿದರೆ ಗಡ್ಡೆ ಗಟ್ಟಿಯಾಗುತ್ತದೆ,
ಗಡ್ಡೆ ಗಟ್ಟಿಯಾದರೆ ಮೀನು ತಡೆಯುತ್ತದೆ,
ಮೀನು ತಡೆದರೆ ದೋಣಿಯವನು ಮತ್ತೆ ಬರುತ್ತಾನೆ,
ಬಂದರೆ ತಾರಸಿಯಲ್ಲಿ ಮಲಗಿದ್ದು ಮೈ ತುಂಬಿಕೊಳ್ಳುತ್ತದೆ.
ಯಾರನ್ನೂ ಕೊಲ್ಲದ ಬಾಣಗಳು; ಕಾರಣದಿಂದ ಹೊರಟು
ಪರಿಣಾಮಕ್ಕೆ ನಾಟಬೇಕು, ಅಷ್ಟೇ.
ಪ್ರತಿ ಚೌಕಕ್ಕೂ ಒಂದು ಅಳತೆ, ಒಂದು ಗುರಿ, ಒಬ್ಬ ಹೊಣೆಗಾರ,
ಕೆಂಪು ಹಳದಿ ಹಸಿರಿನಲ್ಲಿ ಯಾವುದೋ ಒಂದು ಬೊಟ್ಟು.

ಮಾರ್ಚಿನಲ್ಲಿ ಒಂದೇ ಬೊಟ್ಟು ಕೆಂಪಗಿತ್ತು: ತೂಕದ ನಷ್ಟ.
ನೂರಕ್ಕೆ ನಾಲ್ಕು. ಕರಗಿದ್ದಲ್ಲ, ಕರಗಿದ್ದಕ್ಕೆ ಬೇರೆ ಖಾತೆಯಿದೆ.
ಬೆಳಗಿನ ಮೂರೂವರೆಗೆ ಹೋಗಿ ಲೋಡಿಂಗ್ ಕಟ್ಟೆಯ ಹಿಂದೆ ನಿಂತೆ.
ಪಿಕಪ್ಪುಗಳ ಸಾಲು, ಹೆಡ್‌ಲೈಟಿನಲ್ಲಿ ಆವಿ,
ಕಿಟಕಿಯಲ್ಲಿ ಹಸೈನಾರ್, ಉಳ್ಳಾಲದವರು, ಇಪ್ಪತ್ತೆರಡು ವರ್ಷದ ಸರ್ವೀಸು.
ಗಡ್ಡೆ ತೂಗುತ್ತಾರೆ, ಚೀಟಿ ಹರಿಯುತ್ತಾರೆ,
ಮತ್ತೆ ಸುತ್ತಿಗೆ ಎತ್ತಿ ಇನ್ನೊಂದು ಗಡ್ಡೆಯ ಮೂಲೆ ಒಡೆದು
ಗಾಡಿಯ ಪೆಟ್ಟಿಗೆಗೆ ಎಸೆಯುತ್ತಾರೆ, ಧಡ್.
ಪ್ರತಿ ಗಾಡಿಗೂ ಧಡ್. ತೂಗಿದ ಮೇಲೆ. ತೂಗದೆ.

‘ಏನಿದು ಕಾಕಾ?’
‘ಕೊಸರು’ ಅಂದರು,
ಮಗುವಿನ ಹೆಸರು ಕೇಳಿದವರಿಗೆ ಹೆಸರು ಹೇಳುವ ಹಾಗೆ.

ನನ್ನಮ್ಮ ಕುಂದಾಪುರದ ಸಂತೆಯಲ್ಲಿ ಮಲ್ಲಿಗೆ ಮೊಳ ಹಾಕಿಸಿ
ನಾಲ್ಕು ಬೆರಳು ಹೆಚ್ಚು ಬೀಳುವ ತನಕ ಜಾಗ ಬಿಟ್ಟು ಅಲುಗದವಳು.
ಆ ನಾಲ್ಕು ಬೆರಳನ್ನೇ ನಾನು ನಷ್ಟವೆಂದು ಬರೆದಿದ್ದೆ.
ಆದರೂ ನಿಲ್ಲಿಸಿದೆ. ನನಗೆ ಸಂಬಳ ನಕ್ಷೆಯದು.

ಏಪ್ರಿಲ್ ಹಸಿರು. ಮೇ ಹಸಿರು.
ಬೊಟ್ಟಿನ ಫೋಟೋ ಮಸ್ಕತ್ತಿಗೆ ಹೋಯಿತು, ಚಪ್ಪಾಳೆಯ ಚಿತ್ರ ವಾಪಸು ಬಂತು.
ಬಾಣ ಮಾತ್ರ ನಿಧಾನಸ್ಥ, ಕತ್ತೆಯ ಮೇಲೆ ಕೂತು ಬರುತ್ತದೆ.
ಜೂನಿನಲ್ಲಿ ಗಿರಾಕಿಯ ಮಹಡಿಯಲ್ಲಿ ಹಳದಿ.
ದೂರು? ಒಂದೂ ಇಲ್ಲ. ಬಿಟ್ಟು ಹೋದವರು ದೂರುವುದಿಲ್ಲ.
ನಖೋದಾ ಖಮೀಸನ ಆರೂ ಗಾಡಿ ಹೆದ್ದಾರಿಯಾಚೆಯ ಹೊಸ ಫ್ಯಾಕ್ಟರಿಗೆ,
ಹದಿನೆಂಟು ಕಿಲೋಮೀಟರು ಹೆಚ್ಚು ಓಡಿ, ಪೆಟ್ರೋಲು ಸುಟ್ಟು,
ಒಂದು ಮೂಲೆ ಐಸಿಗಾಗಿ.
ಕೂಡಿದೆ, ಕಳೆದೆ. ಲೆಕ್ಕಕ್ಕೆ ಬರುವುದಿಲ್ಲ.
ಸೆಪ್ಟೆಂಬರಿಗೆ ತಾರಸಿ ಸೋರತೊಡಗಿತು.

ಆಗ ನಾನು ಜಾಣೆಯಾದೆ: ಕೊಸರಿಗೊಂದು ಚೌಕ ಬರೆದೆ.
ಅಳತೆ: ಗಡ್ಡೆಗೆ ಒಂದು ಕಿಲೋ. ತೂಗಿ ಕೊಡತಕ್ಕದ್ದು.
ಹಸೈನಾರ್ ತೂಗಿದರು. ಸುದ್ದಿ ತಿಳಿದು ಖಮೀಸ್ ಬಂದಿದ್ದ,
ಮುಳ್ಳು ನಿಲ್ಲುವ ತನಕ ಕಾದ, ನಕ್ಕ,
‘ಇದು ನಾನು ಕೊಂಡದ್ದೇ ಅಲ್ಲವಾ’ ಎಂದು ಗಾಡಿ ತಿರುಗಿಸಿದ.

ಮುಂದಿನ ವಾರ ನೋಡುತ್ತೇನೆ:
ಗಡ್ಡೆ ತೂಗಿ ಮುಗಿದೊಡನೆ ತಕ್ಕಡಿಯ ಮುಖ ಗೋಡೆಗೆ ತಿರುಗುತ್ತದೆ.
ಯಾರ ಅಪ್ಪಣೆ ಎಂದು ನಾನು ಕೇಳಲಿಲ್ಲ.
ಸುತ್ತಿಗೆ ತನ್ನ ಪಾಡಿಗೆ ಬೀಳುತ್ತಿತ್ತು,
ಒಬ್ಬನಿಗೆ ದಪ್ಪ, ಒಬ್ಬನಿಗೆ ಚೂರು,
ಖಮೀಸನ ಡ್ರೈವರ್ ಹುಡುಗನಿಗೆ ಅರ್ಧ ಗಡ್ಡೆ.
(ಅವನ ಮದುವೆಯಂತೆ.)

ವರ್ಷದ ಕೊನೆಯ ನಕ್ಷೆಯಲ್ಲಿ ಆ ಚೌಕ ಉಳಿದಿದೆ, ಗೆರೆ ಪೆನ್ಸಿಲಿನದು.
ಅಳತೆ: ಇಲ್ಲ. ಗುರಿ: ಇಲ್ಲ. ಹೊಣೆ: ಹಸೈನಾರ್.
ಬೊಟ್ಟಿಗೆ ಬಣ್ಣ ತುಂಬದೆ ಕಳಿಸಿದೆ.
ಮಸ್ಕತ್ತಿನಿಂದ ಬದ್ರಿಯಾ ಮೇಡಂ ಒಂದೇ ಸಾಲು ಬರೆದಿದ್ದಾರೆ:
ಯಾರಿದು ಹಸೈನಾರ್?

ಮೂರು ದಿನದಿಂದ ಉತ್ತರ ಬರೆಯುತ್ತಿದ್ದೇನೆ.